ಗರಡಿ-ಕಳರಿಗಳಲ್ಲಿ ಬೇಸರವನ್ನು ಗೆದ್ದ ಬಗೆ

ಯಾವ ವಿದ್ಯೆಗಾದರೂ ಎರಡು ಮುಖಗಳುಂಟು. ಸಭೆಯ ಮುಂದೆ ಮೆರೆಯುವುದು ಒಂದು ಮುಖ. ಯಾರೂ ಕಾಣದ ನಸುಕಿನಲ್ಲಿ, ಮಾಡಿದ್ದನ್ನೇ ಮರಳಿ ಮರಳಿ ಮಾಡುತ್ತ ಬೆವರು ಸುರಿಸುವುದು ಇನ್ನೊಂದು ಮುಖ. ಚರಿತ್ರೆಯ ಪುಸ್ತಕಗಳು ಮೊದಲನೆಯದನ್ನು ವಿಸ್ತಾರವಾಗಿ ಹೇಳುತ್ತವೆ. ಎರಡನೆಯದರ ವಿಷಯದಲ್ಲಿ ಹೆಚ್ಚಾಗಿ ಮೌನವಾಗಿರುತ್ತವೆ. ಯುದ್ಧ ನಡೆದ ದಿನ ನಮಗೆ ಗೊತ್ತು. ಆ ಒಂದು ದಿನಕ್ಕಾಗಿ ಯೋಧನು ಕಳೆದ ಸಾವಿರ ಮುಂಜಾವುಗಳ ಲೆಕ್ಕ ಗೊತ್ತಿಲ್ಲ. ಜಟ್ಟಿಯೊಬ್ಬನು ಎದುರಾಳಿಯನ್ನು ಅರೆಗಳಿಗೆಯಲ್ಲಿ ಮಣ್ಣು ಮುಕ್ಕಿಸಿದುದನ್ನು ಕಂಡು ಹಿಗ್ಗುವ ನಾವು, ಆ ಒಂದು ಪಟ್ಟಿನ ಹಿಂದೆ ಎಷ್ಟು ವರ್ಷಗಳ ದಂಡ-ಬಸ್ಕಿಗಳಿವೆ ಎಂದು ಕೇಳುವುದಿಲ್ಲ.

ಕೇಳಬೇಕಾದ ಪ್ರಶ್ನೆ ಮತ್ತೊಂದಿದೆ. ಅಷ್ಟು ವರ್ಷಗಳ ಕಾಲ ಒಂದೇ ಹೆಜ್ಜೆಯನ್ನು, ಒಂದೇ ವರಸೆಯನ್ನು ತಿದ್ದುತ್ತ ಹೋದ ಆ ಹುಡುಗರಿಗೆ ಬೇಸರ ಬರಲಿಲ್ಲವೆ? ಬಂದಿರಲೇಬೇಕು, ಹುಡುಗರ ಸ್ವಭಾವ ಎಲ್ಲ ಕಾಲಕ್ಕೂ ಒಂದೇ. ಹಾಗಾದರೆ ಅವರನ್ನು ಮರುದಿನವೂ ಗರಡಿಯ ಬಾಗಿಲಿಗೆ ಕರೆತಂದದ್ದು ಯಾವುದು? ಮಗ್ಗಿ ಹೇಳಿಸುವ, ಕಾಪಿ ಬರೆಯಿಸುವ ಉಪಾಧ್ಯಾಯ ಬಂಧುಗಳಿಗೂ, ಅದನ್ನು ಹೇಳಿ ಬರೆದು ದಣಿಯುವ ವಿದ್ಯಾರ್ಥಿ ಮಿತ್ರರಿಗೂ ಈ ಪ್ರಶ್ನೆ ಹೊರಗಿನದಲ್ಲ. ಆದ್ದರಿಂದ ಅದರ ಉತ್ತರವನ್ನು ಚರಿತ್ರೆಯಲ್ಲಿ ಸ್ವಲ್ಪ ಹುಡುಕಿ ನೋಡೋಣ.

ಮೊದಲು ಪುರಾಣೇತಿಹಾಸದ ಒಂದು ಪ್ರಸಂಗ. ಮಹಾಭಾರತದ ಆದಿಪರ್ವದಲ್ಲಿ ಅರ್ಜುನನು ರಾತ್ರಿ ಊಟಕ್ಕೆ ಕುಳಿತಾಗ ಗಾಳಿಗೆ ದೀಪ ನಂದುತ್ತದೆ. ಕತ್ತಲೆಯಲ್ಲಿಯೂ ಅವನ ಕೈ ತಪ್ಪದೆ ಬಾಯಿಗೆ ಹೋಗುತ್ತದೆ. ಇದು ಅಭ್ಯಾಸದ ಫಲವೆಂದು ಅವನಿಗೆ ಹೊಳೆಯುತ್ತದೆ. ಕೈಗೆ ಅನ್ನದ ದಾರಿ ತಿಳಿದಂತೆ ಬಾಣದ ದಾರಿಯೂ ತಿಳಿಯಬಾರದೇಕೆ ಎಂದು ಅವನು ಇರುಳಿನಲ್ಲಿ ಬಿಲ್ಲು ಹಿಡಿಯುತ್ತಾನೆ. ಹೆದೆಯ ದನಿ ಕೇಳಿ ದ್ರೋಣನು ಎದ್ದು ಬಂದು ಶಿಷ್ಯನನ್ನು ಅಪ್ಪಿಕೊಳ್ಳುತ್ತಾನೆ. ಇಲ್ಲಿ ಗಮನಿಸಬೇಕಾದುದು ಅರ್ಜುನನ ಶೌರ್ಯವನ್ನಲ್ಲ. ನಿತ್ಯವೂ ಮಾಡುವ, ಯಾರೂ ವಿದ್ಯೆಯೆಂದು ಎಣಿಸದ ಒಂದು ಕೆಲಸದಲ್ಲಿ ಅವನು ವಿದ್ಯೆಯ ಗುಟ್ಟನ್ನು ಕಂಡ. ಅಭ್ಯಾಸ ಏಕೆ ಬೇಕೆಂದು ಗುರು ಹೇಳಿದ್ದಕ್ಕಿಂತ ತಾನೇ ಕಂಡುಕೊಂಡದ್ದು ಅವನನ್ನು ಎಬ್ಬಿಸಿತು. ಎಲ್ಲ ಶಿಷ್ಯರೂ ಅರ್ಜುನರಲ್ಲವಾದುದರಿಂದ ಉಳಿದವರಿಗಾಗಿ ಗುರುಗಳು ಬೇರೆ ಉಪಾಯಗಳನ್ನು ಹುಡುಕಬೇಕಾಯಿತು.

ಇತಿಹಾಸದ ಕಾಲಕ್ಕೆ ಬಂದರೆ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ನಮಗೆ ದೊರೆಯುವ ಅಮೂಲ್ಯ ಸಾಕ್ಷಿ. ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿತವಾದ ಈ ಸಂಸ್ಕೃತ ಗ್ರಂಥದಲ್ಲಿ ೧೦೦ ಅಧ್ಯಾಯಗಳಿವೆ. ಅರಸನ ವಿನೋದಗಳನ್ನು ಹೇಳುವ ಭಾಗದಲ್ಲಿ ಮಲ್ಲವಿನೋದವೂ ಒಂದು. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ತಕ್ಕಂತೆ ವಿಂಗಡಿಸಬೇಕೆಂದೂ ಅವರ ಆಹಾರಕ್ಕೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆಗಳನ್ನು ಅರಸನೇ ಒದಗಿಸಬೇಕೆಂದೂ ಅಲ್ಲಿ ಹೇಳಿದೆ. ಅವರ ಸಾಧನೆಯ ವಿವರವಂತೂ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಭಾರವನ್ನೆತ್ತುವ ಭಾರಶ್ರಮ, ನಡೆದಾಡುವ ಭ್ರಮಣಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ, ತೋಳುಗಳನ್ನು ಹುರಿಗೊಳಿಸುವ ಬಾಹುಶ್ರಮ, ಕಂಬವನ್ನು ಹಿಡಿದು ಮಾಡುವ ಸ್ತಂಭಶ್ರಮ ಎಂದು ಶ್ರಮದಲ್ಲಿಯೇ ಬಗೆಬಗೆಗಳನ್ನು ಗ್ರಂಥವು ಎಣಿಸುತ್ತದೆ. ಗುರಿ ಒಂದೇ, ಮೈ ಗಟ್ಟಿಯಾಗಬೇಕು. ದಾರಿ ಮಾತ್ರ ನೆಲ, ನೀರು, ಕಂಬ, ಭಾರ ಎಂದು ಬದಲಾಗುತ್ತ ಹೋಗುತ್ತದೆ. ಒಂದೇ ಊಟವನ್ನು ದಿನವೂ ಉಣ್ಣಲಾರದವನಿಗೆ ಅದೇ ಅಕ್ಕಿಯಿಂದ ದೋಸೆ, ಕಡುಬು, ರೊಟ್ಟಿ ಮಾಡಿ ಬಡಿಸುವ ತಾಯಿಯ ಜಾಣತನ ಇದು. ಬೇಸರವನ್ನು ಕಳೆಯುವ ಮೊದಲ ಉಪಾಯವನ್ನು ಕನ್ನಡ ನೆಲದ ಅರಸನೊಬ್ಬನು ಹೀಗೆ ಬರೆದಿಟ್ಟಿದ್ದಾನೆ.

ಎರಡನೆಯ ಉಪಾಯ ವಿಜಯನಗರದಲ್ಲಿ ಕಾಣುತ್ತದೆ. ಕೃಷ್ಣದೇವರಾಯನ ಆಳ್ವಿಕೆಯಲ್ಲಿ (೧೫೦೯-೧೫೨೯) ರಾಜಧಾನಿಗೆ ಬಂದಿದ್ದ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸ್ ರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ರಾಯನು ಬೆಳಕು ಹರಿಯುವ ಮುನ್ನವೇ ಎದ್ದು ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಅದನ್ನೇ ಹಚ್ಚಿಕೊಂಡು, ಸಣ್ಣ ಬಟ್ಟೆಯೊಂದನ್ನು ಸುತ್ತಿ, ಮಣ್ಣಿನಿಂದ ಮಾಡಿದ ದೊಡ್ಡ ತೂಕಗಳನ್ನು ಎತ್ತುತ್ತಿದ್ದನು. ಕುಡಿದ ಎಣ್ಣೆಯೆಲ್ಲ ಬೆವರಾಗಿ ಹೊರಡುವವರೆಗೆ ಕತ್ತಿಯ ಸಾಧನೆ ಮಾಡಿ, ಆಮೇಲೆ ತನ್ನ ಮಲ್ಲರಲ್ಲೊಬ್ಬನೊಡನೆ ಕುಸ್ತಿ ಹಿಡಿಯುತ್ತಿದ್ದನು. ಅನಂತರ ಕುದುರೆಯೇರಿ ಬಯಲಿನಲ್ಲಿ ಓಡಾಡುವಷ್ಟರಲ್ಲಿ ಬೆಳಗಾಗುತ್ತಿತ್ತು. ರಾಜ್ಯವನ್ನು ಗೆದ್ದವನಿಗೆ ಇನ್ನೂ ತೂಕವೆತ್ತುವ ಅಗತ್ಯವೇನಿತ್ತು? ಅಗತ್ಯವಿತ್ತು. ದೊರೆಯೇ ನಸುಕಿನಲ್ಲಿ ಬೆವರಿಳಿಸುತ್ತಾನೆಂದು ತಿಳಿದ ಮೇಲೆ ಅವನ ಪಡೆಯ ಸಾಮಾನ್ಯ ಸೈನಿಕನು 'ನನಗೆ ಸಾಕಾಯಿತು' ಎಂದು ಯಾವ ಮುಖದಿಂದ ಹೇಳಿಯಾನು? ಹಿರಿಯನ ಸ್ವಂತ ಅಭ್ಯಾಸವು ಕಿರಿಯನ ಅಭ್ಯಾಸಕ್ಕೆ ಊರುಗೋಲು. ಹೇಳಿ ಕಲಿಸುವವರು ಹಲವರು. ಮಾಡಿ ಕಲಿಸುವವರು ಕೆಲವರು.

ಈ ವಿಷಯದಲ್ಲಿ ಅತ್ಯಂತ ಸೂಕ್ಷ್ಮವಾಗಿ ಆಲೋಚಿಸಿದವರು ನಮ್ಮ ನೆರೆಯವರೇ. ಚಂದ್ರಗಿರಿ ಹೊಳೆಯ ಬಡಗಣಕ್ಕೆ ತುಳುವರ ಗರಡಿಗಳಿದ್ದರೆ, ತೆಂಕಣಕ್ಕೆ ಹೋದಂತೆ ಮಲೆಯಾಳದ ಕಳರಿಗಳು ಕಾಣತೊಡಗುತ್ತವೆ. ಉತ್ತರ ಮಲಬಾರಿನ ಕಳರಿಪಯಟ್ಟಿನ ಕ್ರಮವನ್ನು ತುಸು ನಿಧಾನವಾಗಿ ನೋಡುವುದು ಒಳ್ಳೆಯದು.

ಕಳರಿಯೆಂದರೆ ನೆಲವನ್ನು ಅಗೆದು ತಗ್ಗು ಮಾಡಿ, ಮೇಲೆ ಮಾಡು ಹಾಕಿದ ಸಾಧನೆಯ ಮನೆ. ಸಾಂಪ್ರದಾಯಿಕವಾಗಿ ೪೨ ಅಡಿ ಉದ್ದ, ೨೧ ಅಡಿ ಅಗಲ. ಉದ್ದವು ಪೂರ್ವ-ಪಶ್ಚಿಮವಾಗಿ, ಬಾಗಿಲು ಪೂರ್ವಕ್ಕೆ. ನೈರುತ್ಯದ ಮೂಲೆಯಲ್ಲಿ ಏಳು ಮೆಟ್ಟಿಲುಗಳ 'ಪೂತ್ತರ' ಎಂಬ ಪೂಜಾಸ್ಥಾನ. ಒಳಗೆ ಬರುವವನು ಬಲಗಾಲಿಟ್ಟು ಇಳಿದು, ನೆಲವನ್ನು ಮುಟ್ಟಿ ಹಣೆಗೊತ್ತಿಕೊಂಡು, ಪೂತ್ತರಕ್ಕೂ ಗುರುಕ್ಕಳಿಗೂ ವಂದಿಸಿದ ಮೇಲೆಯೇ ಸಾಧನೆ. ಇದರಲ್ಲಿ ಭಕ್ತಿಯುಂಟು, ಸಂದೇಹವಿಲ್ಲ. ಅದರೊಂದಿಗೆ ಮನಸ್ಸಿನ ಒಂದು ಉಪಾಯವೂ ಉಂಟು. ಹೊರಗಿನ ಬಿಸಿಲು, ಗದ್ದಲ, ಚಿಂತೆಗಳು ಮೆಟ್ಟಿಲ ಮೇಲೆಯೇ ಉಳಿಯುತ್ತವೆ. 'ಈ ದಿನ ಮಾಡಲೋ ಬೇಡವೋ' ಎಂಬ ತರ್ಕಕ್ಕೆ ಆ ತಗ್ಗಿನಲ್ಲಿ ಎಡೆಯಿಲ್ಲ, ಇಳಿದವನು ಮಾಡಲೇಬೇಕು. ಬೇಸರಪಡುವ ಮನಸ್ಸು ಹೆಚ್ಚಾಗಿ ಸೋಲುವುದು ಕೆಲಸದ ನಡುವೆ ಅಲ್ಲ, ಕೆಲಸದ ಹೊಸ್ತಿಲಲ್ಲಿ. ಆ ಹೊಸ್ತಿಲನ್ನು ದಾಟಿಸುವ ಕೆಲಸವನ್ನು ವಿಧಿಯೇ ಮಾಡುತ್ತಿತ್ತು.

ಇನ್ನು ಕಲಿಕೆಯ ಮೆಟ್ಟಿಲುಗಳು ನಾಲ್ಕು. ಮೊದಲನೆಯದು ಮೈತ್ತಾರಿ, ಎಂದರೆ ಮೈಯನ್ನು ಪಳಗಿಸುವುದು. ನೆಟ್ಟಗೆ ಕಾಲೆತ್ತುವುದು, ಬೀಸುವುದು, ಮೂಲೆಗೆ ತಿರುಗಿ ಎತ್ತುವುದು, ಕುಳಿತೇಳುವುದು ಎಂದು ಕಾಲಿನ ಸಾಧನೆಗಳೇ ಹಲವು. ಆನೆ, ಸಿಂಹ, ಕುದುರೆ, ಹಂದಿ, ಹಾವು, ನವಿಲು ಮುಂತಾದ ಪ್ರಾಣಿಗಳ ನಿಲುವನ್ನು ಹೋಲುವ 'ವಡಿವು'ಗಳು ಬೇರೆ. ಎರಡನೆಯದು ಕೋಲ್ತಾರಿ, ಮರದ ಕೋಲುಗಳ ಅಭ್ಯಾಸ. ಮೂರನೆಯದು ಅಂಕತ್ತಾರಿ; ಕಠಾರಿ, ಕತ್ತಿ-ಗುರಾಣಿ, ಈಟಿ, ಬಳುಕುವ ಉರುಮಿ ಇವು ಕೈಗೆ ಬರುವುದು ಆಗಲೇ. ಕೊನೆಯದು ವೆರುಂಕೈ, ಬರಿಗೈಯ ವಿದ್ಯೆ. ಅದರೊಂದಿಗೆ ಮರ್ಮಸ್ಥಾನಗಳ ಜ್ಞಾನವನ್ನು ಯೋಗ್ಯನೆಂದು ಕಂಡವನಿಗೆ ಮಾತ್ರ ಗುರು ಕೊಡುತ್ತಿದ್ದನು. ಕತ್ತಿ ಹಿಡಿಯುವ ಆಸೆಯಿಂದ ಬಂದ ಹುಡುಗನು ವರ್ಷಗಟ್ಟಲೆ ಕಾಲೆತ್ತುತ್ತಲೇ ಇರಬೇಕಾಗಿತ್ತು. ಆದರೆ ಮೇಲಿನ ಮೆಟ್ಟಿಲಿನವರು ಅದೇ ಕಳರಿಯಲ್ಲಿ, ಅವನ ಕಣ್ಣೆದುರಿಗೇ ಕೋಲು ಬೀಸುತ್ತಿದ್ದರು. ತಾನು ಎಲ್ಲಿಗೆ ಹೋಗಬೇಕೆಂಬುದು ಅವನಿಗೆ ಮಾತಿನಲ್ಲಿ ಹೇಳಬೇಕಾದುದಾಗಿರಲಿಲ್ಲ, ಕಾಣುತ್ತಿತ್ತು. ದೂರದ ಗುರಿಯನ್ನು ಹತ್ತಿರದ ಮೆಟ್ಟಿಲುಗಳಾಗಿ ಕಡಿದು ಕೊಡುವುದು ಮೂರನೆಯ ಉಪಾಯ.

ನಾಲ್ಕನೆಯದು ನಮಗೆ ಎಲ್ಲಕ್ಕಿಂತ ಸೊಗಸಾಗಿ ತೋರುತ್ತದೆ. ಅದು 'ವಾಯ್ತ್ತಾರಿ'. ಗುರುಕ್ಕಳ್ ಒಂದೊಂದು ಚಲನೆಯ ಆಜ್ಞೆಯನ್ನೂ ಲಯಬದ್ಧವಾದ ಮಾತುಗಳಲ್ಲಿ ಹೇಳುತ್ತ ಹೋಗುತ್ತಾನೆ. ಶಿಷ್ಯರೆಲ್ಲ ಆ ನಾದದ ಮೇಲೆ ಒಟ್ಟಿಗೆ ಕುಣಿಯುತ್ತಾರೆ, ಹಾರುತ್ತಾರೆ, ಬಾಗುತ್ತಾರೆ. ಒಬ್ಬನೇ ನಿಂತು ನೂರು ಸಲ ಕಾಲೆತ್ತುವುದು ಶಿಕ್ಷೆ. ಹತ್ತು ಮಂದಿ ಒಂದು ಲಯಕ್ಕೆ ಎತ್ತಿದರೆ ಅದು ಕುಣಿತ. ದಣಿದ ಮೈಯನ್ನು ಮುಂದಿನ ನುಡಿ ಎಳೆದೊಯ್ಯುತ್ತದೆ. ಎಣಿಸುವ ಭಾರವೂ ಶಿಷ್ಯನ ಮೇಲಿಲ್ಲ. ನಮ್ಮ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ, ನಾಟಿಯ ಗದ್ದೆಯಲ್ಲಿ ಹಾಡು ಹೇಳುತ್ತಿದ್ದುದೂ ಇದೇ ಕಾರಣಕ್ಕೆ. ಹಳೆಯ ಶಾಲೆಗಳಲ್ಲಿ ಮಗ್ಗಿಯನ್ನು ರಾಗವಾಗಿ ಹೇಳಿಸುತ್ತಿದ್ದುದನ್ನು ಅಜ್ಞಾನವೆಂದು ನಗುವವರು ಈ ವಾಯ್ತ್ತಾರಿಯನ್ನು ಒಮ್ಮೆ ಕೇಳಬೇಕು.

ಐದನೆಯದು ಋತು. ಕಳರಿಯ ವಿಶೇಷ ಸಾಧನೆ ಮಳೆಗಾಲದಲ್ಲಿ, ಕರ್ಕಟಕ ಮಾಸದ ಸುಮಾರಿಗೆ ನಡೆಯುತ್ತಿತ್ತು. ಹೊರಗೆ ಗದ್ದೆ ತೋಟಗಳು ನೀರಿನಲ್ಲಿ ಮುಳುಗಿರುವಾಗ, ಒಳಗೆ ಮೈಗೆ ಎಣ್ಣೆ ಹಚ್ಚಿ ದುಡಿತ. ಶಿಷ್ಯನನ್ನು ನೆಲದ ಮೇಲೆ ಮಲಗಿಸಿ, ಗುರುಕ್ಕಳ್ ಮೇಲೆ ಕಟ್ಟಿದ ಹಗ್ಗವನ್ನು ಹಿಡಿದು, ತನ್ನ ಪಾದಗಳಿಂದಲೇ ಅವನ ಮೈಯನ್ನು ಉಜ್ಜುವ 'ಚವಿಟ್ಟಿ ಉಳಿಚ್ಚಿಲ್' ಎಂಬ ತೈಲಮರ್ದನವೂ ಆಗಲೇ. ಶಿಷ್ಯನು ಗುರುವಿನ ಪಾದವನ್ನು ಮುಟ್ಟುವುದನ್ನು ಎಲ್ಲೆಡೆಯೂ ಕಾಣುತ್ತೇವೆ. ಇಲ್ಲಿ ಗುರುವೇ ಬೆವರು ಸುರಿಸಿ ಶಿಷ್ಯನ ನೋವನ್ನು ಇಳಿಸುತ್ತಾನೆ. ದಂಡಿಸಿದ ಕೈಯೇ ಆರೈಕೆ ಮಾಡಿದರೆ ದಂಡನೆಯೂ ಪ್ರೀತಿಯಾಗಿ ತೋರುತ್ತದೆ.

೧೬ನೆಯ ಶತಮಾನದ ಮೊದಲ ಭಾಗದಲ್ಲಿ ಕಣ್ಣನೂರಿನಲ್ಲಿದ್ದ ಪೋರ್ತುಗೀಜ ಡುವಾರ್ತೆ ಬಾರ್ಬೊಸಾ, ನಾಯರ್ ಬಾಲಕರನ್ನು ಏಳು ವರ್ಷಕ್ಕೇ ಇಂಥ ಶಾಲೆಗಳಿಗೆ ಕಳುಹಿಸುತ್ತಿದ್ದರೆಂದೂ ಮೊದಲು ಮೈಬಾಗಿಸುವ ಚಳಕಗಳನ್ನೂ ಆಮೇಲೆ ಆಯುಧವಿದ್ಯೆಯನ್ನೂ ಕಲಿಸುತ್ತಿದ್ದರೆಂದೂ ಬರೆದಿದ್ದಾನೆ. ಪಣಿಕ್ಕರ್ ಎಂದು ಕರೆಯಲ್ಪಡುತ್ತಿದ್ದ ಆ ಗುರುಗಳಿಗೆ ಹಿರಿಯ ಕಿರಿಯರೆನ್ನದೆ ಎಲ್ಲ ಶಿಷ್ಯರೂ ತಲೆಬಾಗುತ್ತಿದ್ದರಂತೆ. ಈ ವಿದ್ಯೆ ಒಂದೇ ಜಾತಿಯದೂ ಆಗಿರಲಿಲ್ಲ. ತೀಯರೂ ಮಾಪ್ಪಿಳರೂ ಕಲಿತರು. ವಡಕ್ಕನ್ ಪಾಟ್ಟುಗಳೆಂಬ ಉತ್ತರ ಮಲಬಾರಿನ ಲಾವಣಿಗಳಲ್ಲಿ ಉಣ್ಣಿಯಾರ್ಚೆಯೆಂಬ ವೀರಸ್ತ್ರೀಯ ಉರುಮಿಯ ಕಥೆಯೂ ಇದೆ.

ನಮ್ಮ ಗರಡಿಗಳಲ್ಲಿ ಇದೇ ತತ್ತ್ವ ಬೇರೆ ಉಡುಪಿನಲ್ಲಿದೆ. ಮೈಸೂರು ಸೀಮೆಯ ಗರಡಿಮನೆಯಲ್ಲಿ ಕೆಮ್ಮಣ್ಣಿಗೆ ಎಣ್ಣೆ, ಅರಿಸಿನ ಮೊದಲಾದವನ್ನು ಬೆರೆಸಿ ಮಟ್ಟಿಯನ್ನು ಹದಮಾಡುತ್ತಾರೆ. ಆ ಮಣ್ಣನ್ನು ಅಗೆದು ಸಡಿಲಿಸುವ ಕೆಲಸ ಆಳಿನದಲ್ಲ, ಪೈಲ್ವಾನರದೇ. ಕುಸ್ತಿಗೆ ಮುಂಚೆ ಗುದ್ದಲಿ ಹಿಡಿದವನಿಗೆ ಆ ನೆಲ ತನ್ನದಾಗುತ್ತದೆ; ತಾನು ಹದಮಾಡಿದ ಮಣ್ಣನ್ನು ಬಿಟ್ಟು ಮನೆಯಲ್ಲಿ ಮಲಗಲು ಮನಸ್ಸು ಒಪ್ಪುವುದಿಲ್ಲ. ತುಳುನಾಡಿನಲ್ಲಿಯಂತೂ ಗರಡಿಯು ದೇವಸ್ಥಾನವೇ ಆಗಿದೆ. ಕೋಟಿ-ಚೆನ್ನಯರ ಹೆಸರಿನಲ್ಲಿ ನಡೆಯುವ ನೇಮದಲ್ಲಿ ಅವರ ಆಯುಧವಾದ ಸುರಿಯಕ್ಕೆ ಪೂಜೆ ಸಲ್ಲುತ್ತದೆ. ಸಾಮು ನಿಂತ ಮೇಲೆಯೂ ಸ್ಥಳದ ಗೌರವ ನಿಲ್ಲಲಿಲ್ಲ.

ಇಷ್ಟೆಲ್ಲ ಒಳಗಿನ ಏರ್ಪಾಡುಗಳಾದವು. ಹೊರಗಿನದೊಂದು ಉಂಟು: ಹತ್ತು ಜನರ ಮುಂದೆ ತೋರಿಸುವ ದಿನ. ಮೈಸೂರಿನ ವಿಜಯದಶಮಿಯಂದು ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿದ ಜಟ್ಟಿಗಳು ಮುಷ್ಟಿಗೆ ಆಯುಧ ತೊಟ್ಟು ಸೆಣಸುತ್ತಾರೆ. ತಲೆಯಿಂದ ಮೊದಲ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಕೆಲವು ಕ್ಷಣಗಳ ಕಾಳಗಕ್ಕೆ ತಿಂಗಳುಗಟ್ಟಲೆ ಸಿದ್ಧತೆ! ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ಕಟ್ಟಿಸಿ ೧೯೧೨ರಲ್ಲಿ ತೆರೆದ ಖಾಸಬಾಗ್ ಮೈದಾನವು ಬೆಳಗಾವಿ-ಧಾರವಾಡ ಸೀಮೆಯ ಪೈಲ್ವಾನರಿಗೂ ಅಂಥದೊಂದು ಕನಸಿನ ಅಂಗಳವಾಗಿತ್ತು.

ಆದರೆ ಮೆರೆಯುವ ದಿನವನ್ನೇ ನಂಬಿದ ಸಾಧನೆ ಬಹುಕಾಲ ಬಾಳದು. ಇದಕ್ಕೆ ಗಾಮಾ ಪೈಲ್ವಾನನ ಬಾಳು ನಿದರ್ಶನ. ದಿನಕ್ಕೆ ೩೦೦೦ ದಂಡ, ೫೦೦೦ ಬಸ್ಕಿ ಅವನ ಪಾಠವೆಂದು ಪ್ರತೀತಿ. ೧೯೧೦ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಪೋಲೆಂಡಿನ ಸ್ಬಿಷ್ಕೊ ಅವನೆದುರು ಎರಡು ಗಂಟೆಗೂ ಮಿಕ್ಕಿ ನೆಲಕ್ಕಂಟಿಕೊಂಡಿದ್ದು ಸೋಲನ್ನು ತಪ್ಪಿಸಿಕೊಂಡ. ಹದಿನೆಂಟು ವರ್ಷಗಳ ಮೇಲೆ, ೧೯೨೮ರಲ್ಲಿ, ಪಟಿಯಾಲದಲ್ಲಿ ಇಬ್ಬರೂ ಮತ್ತೆ ಎದುರಾದರು. ಐವತ್ತರ ಅಂಚಿನಲ್ಲಿದ್ದ ಗಾಮಾ ಒಂದು ನಿಮಿಷದೊಳಗೆ ಗೆದ್ದ. ಆ ನಿಮಿಷವು ಪಟಿಯಾಲದಲ್ಲಿ ಹುಟ್ಟಿದುದಲ್ಲ. ಸಮಬಲದ ಎದುರಾಳಿಗಳೇ ವಿರಳವಾಗಿದ್ದ ವರ್ಷಗಳಲ್ಲಿಯೂ ಮೈಯನ್ನು ಸಡಿಲ ಬಿಡದವನಿಗೆ ಒದಗಿದುದು.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ಹಳೆಯ ಗರಡಿಯನ್ನು ಹೊಗಳುವಾಗ ಅಲ್ಲಿಯ ಎಲ್ಲ ಪ್ರೇರಣೆಯೂ ಪ್ರೀತಿಯದೆಂದು ತಿಳಿಯುವುದು ಸರಿಯಲ್ಲ. ಭಯವೂ ಇತ್ತು. ಮಲಬಾರಿನಲ್ಲಿ ಪರರ ವ್ಯಾಜ್ಯಕ್ಕಾಗಿ ಕೂಲಿ ಪಡೆದು ಅಂಕದಲ್ಲಿ ಸೆಣಸುತ್ತಿದ್ದ ಚೇಗವನಿಗೆ ಅಭ್ಯಾಸ ತಪ್ಪಿದರೆ ಪ್ರಾಣವೇ ತಪ್ಪುತ್ತಿತ್ತು. ಹುಟ್ಟಿನ ಕಟ್ಟೂ ಇತ್ತು. ಕೆಲವರಿಗೆ ಬೇಡವೆಂದರೂ ಬಿಡಲಿಲ್ಲ, ಕೆಲವರಿಗೆ ಬೇಕೆಂದರೂ ಬಾಗಿಲು ತೆರೆಯಲಿಲ್ಲ. ಮಣ್ಣಿನ ಗುರುವಿನ ಮುಂದೆ ಒಬ್ಬಂಟಿಯಾಗಿ ಬಿಲ್ವಿದ್ಯೆ ಸಾಧಿಸಿದ ಏಕಲವ್ಯನಿಗೆ ಲಯ ಹೇಳುವವರಿರಲಿಲ್ಲ, ಮೆಟ್ಟಿಲು ತೋರಿಸುವವರಿರಲಿಲ್ಲ. ದೊರೆತದ್ದು ಹೆಬ್ಬೆರಳಿನ ದಕ್ಷಿಣೆಯ ಆಜ್ಞೆ. ಅವನ ಶ್ರದ್ಧೆಗೆ ತಲೆಬಾಗುವ ನಾವು ಆ ಗುರುತ್ವಕ್ಕೆ ತಲೆಬಾಗಬೇಕಾಗಿಲ್ಲ. ಭಯದಿಂದ ಮಾಡಿಸಿದ ಅಭ್ಯಾಸವು ಭಯವಿರುವವರೆಗೆ ಮಾತ್ರ ನಡೆಯುತ್ತದೆ ಎಂಬುದನ್ನು ಮುಂದಿನ ಚರಿತ್ರೆಯೇ ತೋರಿಸಿತು.

ವಯನಾಡಿನ ಕಾಡುಗಳಲ್ಲಿ ಪಳಶ್ಶಿರಾಜನು ಕುಂಪಣಿ ಸರಕಾರದ ವಿರುದ್ಧ ನಡೆಸಿದ ಹೋರಾಟ ೧೮೦೫ರಲ್ಲಿ ಅವನ ಮರಣದೊಂದಿಗೆ ಕೊನೆಗೊಂಡಿತು. ಆ ದಂಗೆಯ ಕಾಲದಲ್ಲಿ ಮಲಬಾರಿನ ಜನರಿಂದ ಆಯುಧಗಳನ್ನು ಕಸಿದುಕೊಳ್ಳಲಾಯಿತು. ಬಂದೂಕು ಬಂದ ಮೇಲೆ ಕತ್ತಿಯ ಬೆಲೆಯೂ ಇಳಿದಿತ್ತು. ಹೊಟ್ಟೆಗೂ ಇಲ್ಲ, ಹೋರಾಟಕ್ಕೂ ಇಲ್ಲ, ಮೆರೆಯಲು ಸಭೆಯೂ ಇಲ್ಲ. ಹಾಗಿದ್ದರೂ ಕಾಲೆತ್ತುವ ಅಭ್ಯಾಸ ಏಕೆ ನಿಲ್ಲಲಿಲ್ಲ? ಬಹಳ ಕಳರಿಗಳು ಮುಚ್ಚಿದುವು, ನಿಜ. ಆದರೆ ಕೆಲವು ಮನೆತನಗಳು ಹಿಡಿದ ಪಟ್ಟನ್ನು ಬಿಡಲಿಲ್ಲ. ಅವರಿಗೆ ಅದು ಮೈಯ ಆರೋಗ್ಯವಾಗಿತ್ತು, ಮುರಿದ ಮೂಳೆಯನ್ನು ಕೂಡಿಸುವ ವೈದ್ಯವಾಗಿತ್ತು, ದೇವರ ಸೇವೆಯಾಗಿತ್ತು. ಕಥಕಳಿಯ ನಟರು ತಮ್ಮ ಮೈಸಾಧನೆಯನ್ನೂ ತೈಲಮರ್ದನವನ್ನೂ ಕಳರಿಯಿಂದಲೇ ಪಡೆದರು. ತಲಶ್ಶೇರಿಯ ಕೀಲೇರಿ ಕುಞ್ಞಿಕಣ್ಣನ್ ಮೈಸಾಧನೆಯನ್ನು ಸರ್ಕಸ್ಸಿನ ಕಲೆಯಾಗಿ ಬೆಳೆಸಿ ಅದಕ್ಕೊಂದು ಶಾಲೆಯನ್ನೇ ನಡೆಸಿದರು. ಕೋಟ್ಟಕ್ಕಲ್ ಕಣಾರನ್ ಗುರುಕ್ಕಳರು ಚದರಿದ್ದ ವಿದ್ಯೆಯನ್ನು ಒಟ್ಟುಗೂಡಿಸಿ ಉಳಿಸಿದರು. ಅವರ ಶಿಷ್ಯರಾದ ಸಿ. ವಿ. ನಾರಾಯಣನ್ ನಾಯರರು ಅದನ್ನು ಮತ್ತೆ ಜನರ ಮುಂದೆ ತಂದರು. ವಡಗರೆಯ ಮೀನಾಕ್ಷಿ ಅಮ್ಮನವರು ಏಳರ ಎಳೆಯ ಪ್ರಾಯದಲ್ಲಿ ಕಳರಿಗಿಳಿದು, ಎಪ್ಪತ್ತು ದಾಟಿದ ಮೇಲೆಯೂ ಮಕ್ಕಳಿಗೆ ಅದೇ ಮೊದಲ ಹೆಜ್ಜೆಗಳನ್ನು ಕಲಿಸುತ್ತಿದ್ದರು. ೨೦೧೭ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು. ಅಷ್ಟು ವರ್ಷ ಒಂದೇ ಹೆಜ್ಜೆಯನ್ನು ಇಟ್ಟವರಿಗೆ ಅದು ಒಂದೇ ಹೆಜ್ಜೆಯಾಗಿ ಉಳಿದಿರಲಾರದು.

ಬೇಸರದ ಗುಟ್ಟು ಇಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಹೊಸ ಹೆಜ್ಜೆಯನ್ನು ಕಲಿಯುವಾಗ ಮನಸ್ಸು ಎಚ್ಚರವಾಗಿರುತ್ತದೆ. ಕಾಲಿಗೆ ಅದು ಬಂದಿತೆನ್ನುವಾಗ ಮನಸ್ಸಿಗೆ ಕೆಲಸ ತಪ್ಪುತ್ತದೆ. ಆಗ ಬೇಸರ ಹುಟ್ಟುತ್ತದೆ. ಬೇಸರವೆಂದರೆ ವಿದ್ಯೆ ಮುಗಿಯಿತೆಂಬ ಗುರುತಲ್ಲ, ಮೈಗೆ ಇಳಿಯಲು ಆರಂಭಿಸಿತೆಂಬ ಗುರುತು. ಅಲ್ಲಿ ನಿಲ್ಲಿಸಿದವನಿಗೆ ದೊರೆಯುವುದು ಅರೆವಿದ್ಯೆ. ಅಲ್ಲಿಂದ ಮುಂದುವರಿದವನು ಅದೇ ಹೆಜ್ಜೆಯಲ್ಲಿ ಉಸಿರನ್ನು, ದೃಷ್ಟಿಯನ್ನು, ತೂಕದ ಸಮತೋಲವನ್ನು ಒಂದೊಂದಾಗಿ ಕಾಣುತ್ತ ಹೋಗುತ್ತಾನೆ. ಮಲೆಯಾಳಿ ಗುರುಕ್ಕಳರು ಸಿದ್ಧಿಯನ್ನು 'ಮೈ ಕಣ್ಣಾಗುವುದು' ಎಂದು ಬಣ್ಣಿಸುತ್ತಾರೆ. ನಮ್ಮ ಕನ್ನಡದಲ್ಲಿಯೂ 'ಮೈಯೆಲ್ಲ ಕಣ್ಣಾಗಿ' ಎಂಬ ನುಡಿ ಮನೆಮಾತು. ಎರಡು ಭಾಷೆಗಳ ಅನುಭವ ಒಂದೇ ಮಾತಿಗೆ ಬಂದು ನಿಂತಿರುವುದನ್ನು ಗಡಿಯಲ್ಲಿರುವ ನಾವು ವಿಶೇಷವಾಗಿ ಗಮನಿಸಬೇಕು.

ಗರಡಿಗೆ ಹೋಗದವರ ಬಾಯಲ್ಲಿಯೂ ಗರಡಿಯ ಮಾತುಗಳಿವೆ. ತೊಡೆ ತಟ್ಟುವುದು, ವರಸೆ ಬದಲಿಸುವುದು, ಒಬ್ಬರ ಗರಡಿಯಲ್ಲಿ ಪಳಗುವುದು ಇವೆಲ್ಲ ಅಲ್ಲಿಂದ ಬಂದುವೇ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆಯಲ್ಲಿ ಜನ ಅವನ ಜಂಬವನ್ನು ನಕ್ಕಿದ್ದಾರೆ. ಆದರೆ 'ಪಟ್ಟು' ಎಂಬ ಮಾತಿನಲ್ಲಿ ಅವನ ಗುಣವನ್ನು ಗೌರವಿಸಿದ್ದಾರೆ. ಎದುರಾಳಿಯನ್ನು ಕೆಡಹುವ ಹಿಡಿತಕ್ಕೂ, ಹಿಡಿದ ಕೆಲಸವನ್ನು ಬಿಡದ ಛಲಕ್ಕೂ ಕನ್ನಡಿಗರು ಒಂದೇ ಶಬ್ದವನ್ನು ಇಟ್ಟುಕೊಂಡಿದ್ದಾರೆ. ಎರಡನೆಯ ಪಟ್ಟಿಲ್ಲದವನಿಗೆ ಮೊದಲನೆಯ ಪಟ್ಟು ಒಲಿಯದೆಂಬ ಅನುಭವವೇ ಆ ಶಬ್ದದಲ್ಲಿ ಅಡಗಿದೆ.

ಉಪಾಧ್ಯಾಯ ಬಂಧುಗಳಿಗೆ ಚರಿತ್ರೆಯು ಹೇಳುವುದಿಷ್ಟು: ಅಭ್ಯಾಸವನ್ನು ಕಡಿಮೆ ಮಾಡಬೇಡಿ, ಅದಕ್ಕೆ ಲಯವನ್ನೂ ಜೊತೆಯನ್ನೂ ಮೆಟ್ಟಿಲುಗಳನ್ನೂ ಕೊಡಿ, ದಣಿದವನನ್ನು ಆರೈಸಿ, ನೀವೂ ಜೊತೆಯಲ್ಲಿ ಮಾಡಿ. ವಿದ್ಯಾರ್ಥಿ ಮಿತ್ರರಿಗೆ ಹೇಳುವುದು ಇನ್ನೂ ಕಡಿಮೆ: ಬೇಸರ ಬಂದ ದಿನ ಹೊಸ್ತಿಲನ್ನು ಮಾತ್ರ ದಾಟಿರಿ. ಒಳಗಿಳಿದ ಮೇಲೆ ಉಳಿದುದನ್ನು ಕಾಲುಗಳೇ ನೆನಪಿಗೆ ತಂದುಕೊಳ್ಳುತ್ತವೆ.